ಕೆಂಚಿಯ ಕೊರಳಪಟ್ಟಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಯಾವ ಹೊಳೆ, ಯಾವ ಊರು ಎಂದು ಕೇಳಬೇಡಿ. ಬೆಳಗಿನ ಮಂಜಿನಲ್ಲಿ ಎಲ್ಲ ಹೊಳೆಗಳೂ ಒಂದೇ ಥರ ಕಾಣುತ್ತವೆ. ಈ ಕಥೆ ಹೆಚ್ಚಾಗಿ ನಡೆಯುವುದು ಆ ಮಂಜಿನಲ್ಲೇ.

ಅಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಎಲ್ಲರ ಬಾಯಲ್ಲಿ ಅವರು ಅಜ್ಜಾರು. ಬಹಳ ಓದಿದವರೋ, ಏನೂ ಓದದವರೋ, ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಆಶ್ರಮದಲ್ಲಿ ಮೂರೇ ಕಟ್ಟಳೆ. ಯಾರ ಮೇಲೂ ಕೈ ಎತ್ತಬಾರದು. ಯಾರ ಮೇಲೂ ದನಿ ಎತ್ತಬಾರದು. ಯಾವ ಪ್ರಾಣಿಯನ್ನೂ ಕಟ್ಟಬಾರದು.

ಜೊತೆಗೊಂದು ರೂಢಿ. ನಸುಕಿನಿಂದ ಹಿಡಿದು ಬಿಸಿಲು ಬೇವಿನ ಮರದ ಬುಡ ಮುಟ್ಟುವ ತನಕ ಎಲ್ಲರೂ ದಂಡೆಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಮಾತಿಲ್ಲ. ಅಡಿಗೆಮನೆಯ ತಂಗೆವ್ವನಿಗೆ ಮಾತ್ರ ವಿನಾಯಿತಿ. ಅದನ್ನು ಯಾರೂ ಕೊಟ್ಟಿರಲಿಲ್ಲ, ಆಕೆಯೇ ತೆಗೆದುಕೊಂಡಿದ್ದಳು.

ಸೋಮಲಿಂಗ ಅಲ್ಲಿಯ ಶಿಷ್ಯ. ಮೊದಲು ಬೆಲ್ಲದ ಪೇಟೆಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವನು. ಹಗಲೆಲ್ಲ ಕೂಗಿ, ನಿದ್ದೆಯಲ್ಲೂ ಕೂಗಿ, ಕೊನೆಗೆ ತನ್ನ ದನಿ ಕೇಳಿದರೆ ತನಗೇ ಬೇಸರವಾಗಿ ಹೊಳೆಯ ದಂಡೆಗೆ ಬಂದಿದ್ದ.

"ಏನು ಬೇಕಪಾ ನಿನಗ?" ಎಂದು ಬಂದ ದಿನ ಅಜ್ಜಾರು ಕೇಳಿದ್ದರು.

"ಮೌನ ಬೇಕ್ರಿ ಅಜ್ಜಾರ. ಬ್ಯಾರೆ ಏನೂ ಬ್ಯಾಡ್ರಿ."

ಅವನಿಗೆ ಮೌನ ಕಲಿಸಿದ್ದು ಅಜ್ಜಾರಲ್ಲ, ಕೆಂಚಿ.

ಕೆಂಚಿ ಮುಧೋಳದ ಬೇಟೆನಾಯಿ. ಹೆಣ್ಣು. ಕಡ್ಡಿಯಂಥ ಮೈ, ಉದ್ದನೆಯ ಕಾಲು, ಕಂದು ಬಣ್ಣ. ಕಣ್ಣು ಬಿಡುವ ಮೊದಲೇ ಯಾರೋ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಸೋಮಲಿಂಗ ಅರಿವೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಿ ಬದುಕಿಸಿದ್ದ. ನಸುಕಿನ ಹೊತ್ತು ಅದು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅದರ ಉಸಿರಿಗೆ ತನ್ನ ಉಸಿರು ಕೂಡಿಸಿಕೊಂಡು ಕೂತರೆ ಅವನ ಒಳಗಿನ ಪೇಟೆ ನಿಧಾನಕ್ಕೆ ಬಾಗಿಲು ಹಾಕುತ್ತಿತ್ತು.

ಕೆಂಚಿ ಅಂದರೆ ಅವನಿಗೆ ಜೀವ.

ಆದರೆ ಬೇಟೆನಾಯಿ ಬೇಟೆನಾಯಿಯೇ. ಅದೇ ನಸುಕಿನಲ್ಲಿ ಕುರುಬರ ಮಾಳಿಂಗ ತನ್ನ ಕುರಿಹಿಂಡು ಹೊಡೆದುಕೊಂಡು ದಂಡೆಯ ಮೇಲೆ ಹಾಯುತ್ತಿದ್ದ. ಕುರಿಯ ಕೊರಳಗಂಟೆ ಕೇಳಿದರೆ ಕೆಂಚಿಯ ತಲೆ ತೊಡೆಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ದಿನ ಅದು ಮಂಜಿನೊಳಗೆ ಓಡಿ ಹೋಗಿ ಒಂದು ಮರಿಯ ಕಾಲು ಹಿಡಿದೇಬಿಟ್ಟಿತು.

ಮಾಳಿಂಗ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಜ್ಜಾರ ಮುಂದೆ ಬಂದು ನಿಂತ.

"ಅಜ್ಜಾರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದರ ಈ ನಾಯಿ ಇನ್ನೊಂದು ಸಲ ನನ್ನ ಮರಿಗೆ ಬಾಯಿ ಹಾಕ್ತಂದ್ರ ನನ್ನ ಕೊಡ್ಲಿ ನನ್ನ ಮಾತು ಕೇಳಂಗಿಲ್ಲ."

"ಮರಿ ಹೆಂಗೈತಿ?" ಎಂದರು ಅಜ್ಜಾರು.

"ಕುಂಟತೈತ್ರಿ. ಬದಕತೈತಿ."

"ನಾಯೀನೂ ಬದುಕ್ಲಿ. ನೋಡೂಣು."

ಮಾಳಿಂಗ ಹೋದ. ಆಡಿದ ಮಾತು ಮಾಡುವವನು ಅವನು. ಊರಿಗೇ ಅದು ಗೊತ್ತಿತ್ತು.

ಸೋಮಲಿಂಗನಿಗೆ ಊಟ ಸೇರದಾಯಿತು. ಹೊಡೆಯುವಂತಿಲ್ಲ, ಗದರಿಸುವಂತಿಲ್ಲ, ಕಟ್ಟುವಂತಿಲ್ಲ. ಕಣ್ಣಿನಲ್ಲೇ ಬುದ್ಧಿ ಹೇಳೋಣವೆಂದರೆ ಕುರಿ ಕಂಡ ಕೆಂಚಿ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ.

ಆ ದಿನಗಳಲ್ಲೇ ಬೆಳಗಾವಿಯ ಕಡೆಯಿಂದ ಒಬ್ಬ ಭಕ್ತರು ಕಾರಿನಲ್ಲಿ ಬಂದರು. ಜೊತೆಗೆ ಕರುವಿನಷ್ಟು ಎತ್ತರದ ನಾಯಿ. ಅದು ಅವರ ಕಾಲ ಬಳಿ ಕೂತದ್ದು ಕೂತೇ ಇತ್ತು. ಬೆಕ್ಕು ಮುಂದೆ ಹಾದರೂ ಮೂಗು ಅಲುಗಲಿಲ್ಲ.

"ಹೆಂಗ ಕಲಿಸಿದ್ರಿ ಸರ?" ಎಂದು ಸೋಮಲಿಂಗ ಕೇಳಿದ.

"ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ, ಒಂದು ಸರಪಳಿ ಇಲ್ಲ," ಎಂದರು ಭಕ್ತರು. ನಾಯಿಯ ಕೊರಳಿನ ರೋಮ ಸರಿಸಿ ತೋರಿಸಿದರು. ಕಪ್ಪು ಪಟ್ಟಿ, ಅದಕ್ಕೊಂದು ಸಣ್ಣ ಡಬ್ಬಿ, ಡಬ್ಬಿಯಿಂದ ಚರ್ಮಕ್ಕೆ ತಾಗುವ ಎರಡು ಮೊಂಡು ಮೊಳೆ. ಅವರ ಅಂಗೈಯಲ್ಲಿ ಒಂದು ರಿಮೋಟು. "ತಪ್ಪು ಮಾಡಿದಾಗ ಬಟನ್ ಒತ್ತೋದು. ಸಣ್ಣಗ ಕರೆಂಟ್ ಹೊಡೀತೈತಿ. ಅಷ್ಟ."

ಹೋಗುವಾಗ ತಮ್ಮಲ್ಲಿದ್ದ ಇನ್ನೊಂದನ್ನು ಆಶ್ರಮಕ್ಕೆ ಕಾಣಿಕೆ ಕೊಟ್ಟು ಹೋದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಸೋಮಲಿಂಗ ಹಿಗ್ಗಿದ.

ಪಟ್ಟಿಯನ್ನೂ ರಿಮೋಟನ್ನೂ ತಂದು ಅಜ್ಜಾರ ಮುಂದೆ ಇಟ್ಟ.

"ಏನಿದು ತಮ್ಮ?"

"ಕೆಂಚಿ ಕೊರಳಿಗೆ ಹಾಕೂದ್ರಿ. ಅಕಿ ಕುರಿ ಕಡೆ ಓಡಿದ್ಲಂದ್ರ ನಾ ಇಲ್ಲಿ ಬಟನ್ ಒತ್ತತೀನ್ರಿ. ಅಲ್ಲಿ ಅಕಿಗೆ ಚುರ್ ಅಂತೈತಿ. ನಿಲ್ತಾಳ."

"ಬಡದಂಗ ಆಗಂಗಿಲ್ಲೇನು?"

"ಕೈ ಎತ್ತಂಗಿಲ್ಲಲ್ರಿ."

"ಬೈದಂಗ?"

"ದನಿ ಎತ್ತಂಗಿಲ್ರಿ."

"ಕಟ್ಟಿದಂಗ?"

"ಹಗ್ಗ ಎಲ್ಲೈತ್ರಿ ಅಜ್ಜಾರ?"

ಅಜ್ಜಾರು ರಿಮೋಟನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ಎಷ್ಟು ದೂರ ಮುಟ್ಟತೈತಿ?"

"ಹೊಳಿ ಆಚಿ ದಂಡಿತನಕ ಮುಟ್ಟತೈತಂತ್ರಿ."

"ಅಷ್ಟು ದೂರ ಇದ್ರ ಅಕಿ ಮಾರಿ ನಿನಗ ಕಾಣತೈತೇನು?"

"ಮಾರಿ ಕಾಣಂಗಿಲ್ರಿ. ಬೆನ್ನು ಕಾಣತೈತಿ."

ಅಜ್ಜಾರು ರಿಮೋಟನ್ನು ಅವನ ಕೈಗೆ ಕೊಟ್ಟು ಹೊಳೆಯ ಕಡೆ ನಡೆದರು.

ಬೇಡ ಅನ್ನಲಿಲ್ಲ. ಗುರು ಬೇಡ ಅನ್ನದ್ದನ್ನೆಲ್ಲ ಹೂಂ ಎಂದು ತಿಳಿಯುವುದು ಶಿಷ್ಯರ ಹಳೆಯ ಚಟ.

ಮರುದಿನ ನಸುಕು. ಹೊಳೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ನಿಂತಿತ್ತು. ಎಲ್ಲರೂ ಕಣ್ಣು ಮುಚ್ಚಿ ಕೂತರು. ಕೆಂಚಿ ಎಂದಿನಂತೆ ಸೋಮಲಿಂಗನ ತೊಡೆಯ ಮೇಲೆ ತಲೆಯಿಟ್ಟಿತು. ಅವನ ಒಂದು ಕೈ ಶಾಲಿನ ಒಳಗಿತ್ತು. ಜಪಮಣಿ ಇರಬೇಕಾದ ಆ ಕೈಯಲ್ಲಿ ರಿಮೋಟು ಇತ್ತು.

ದೂರದಲ್ಲಿ ಕುರಿಯ ಗಂಟೆ. ಕೆಂಚಿ ಎದ್ದಿತು. ಮಂಜಿನೊಳಗೆ ಓಡಿತು.

ಸೋಮಲಿಂಗ ಒತ್ತಿದ.

ಮಂಜಿನೊಳಗಿಂದ ಕುಂಯ್ ಎಂಬ ಸದ್ದು ಬಂತು. ನಿದ್ದೆಯಲ್ಲಿ ಕೂಸು ಬೆಚ್ಚಿದಷ್ಟೇ ಸಣ್ಣದು. ಸ್ವಲ್ಪ ಹೊತ್ತಿಗೆ ಕೆಂಚಿ ತಿರುಗಿ ಬಂತು. ನಿಂತು ಹುಲ್ಲನ್ನು ನೋಡಿತು, ಕಲ್ಲನ್ನು ನೋಡಿತು, ತಲೆಯೆತ್ತಿ ಮೇಲೆ ನೋಡಿತು. ಕೊನೆಗೆ ಸೋಮಲಿಂಗನನ್ನು ನೋಡಿತು. ಅವನು ಕಣ್ಣು ಮುಚ್ಚಿ ಶಾಂತವಾಗಿ ಕೂತಿದ್ದ.

ಕೆಂಚಿ ಮತ್ತೆ ಅವನ ತೊಡೆಯ ಮೇಲೆ ತಲೆಯಿಟ್ಟಿತು.

ಕೆಲಸ ಕೆಟ್ಟಿತು ಅನ್ನುವಂತಿಲ್ಲ. ಕುರಿಗಳು ದಿನಾ ಸುಖವಾಗಿ ಹಾದುಹೋದವು. ಮೊದಮೊದಲು ಕೆಂಚಿ ಓಡಿದಾಗ ಸೋಮಲಿಂಗ ಒತ್ತುತ್ತಿದ್ದ. ಆಮೇಲೆ ಎದ್ದಾಗಲೇ ಒತ್ತಿದ. ಇನ್ನೂ ಮೊದಲೇ ತಡೆದರೆ ಒಳ್ಳೆಯದಲ್ಲವೇ ಎನಿಸಿತು. ಕಿವಿ ನಿಮಿರಿದರೆ ಸಾಕು, ತೊಡೆಯ ಮೇಲೆ ತಲೆ ಇದ್ದಾಗಲೇ ಒತ್ತಿದ. ಒತ್ತುವಾಗ ಅವನ ಮುಖದಲ್ಲಿ ಸಿಟ್ಟಿಲ್ಲ, ಬಾಯಲ್ಲಿ ಮಾತಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮಾಳಿಂಗ ಒಂದು ತಂಬಿಗೆ ಕುರಿಹಾಲು ತಂದು ಕೊಟ್ಟ.

"ಸೋಮಣ್ಣ, ನಿಮ್ಮ ನಾಯಿ ಈಗ ನಮ್ಮ ಕಡೆ ತಿರುಗಿ ನೋಡವಲ್ದು. ಏನು ಮಂತ್ರ ಹಾಕೀರಿ?"

ಸೋಮಲಿಂಗ ಮುಗುಳ್ನಕ್ಕ. ಮಂತ್ರ ಹಾಕಿದವರು ನಗುವ ಹಾಗೆಯೇ ನಕ್ಕ.

ಆಮೇಲೆ ಒಂದು ಬೇರೆಯದೇ ಸಂಗತಿ ನಡೆಯತೊಡಗಿತು. ನಸುಕಿನಲ್ಲಿ ಎಲ್ಲರೂ ಕೂತು ಸುಮ್ಮನಾದ ಕೂಡಲೇ ಕೆಂಚಿ ಎದ್ದು ಹೋಗುತ್ತಿತ್ತು. ಕುರಿಯ ಕಡೆಗಲ್ಲ. ಅಡಿಗೆಮನೆಗೆ.

ಅಲ್ಲಿ ತಂಗೆವ್ವ ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು. ಯಾರೂ ಇಲ್ಲದಿದ್ದರೆ ಹಂಚಿನ ಜೊತೆ ಮಾತಾಡುತ್ತಿದ್ದಳು. ಹಂಚು ಉತ್ತರ ಕೊಡದಿದ್ದರೆ ಹೊಗೆಯನ್ನು ಬೈಯುತ್ತಿದ್ದಳು.

"ಸೋಮಣ್ಣ, ನಿನ್ನ ನಾಯಿ ಕರಕೊಂಡು ಹೋಗಪಾ," ಎಂದಳು ಒಂದು ದಿನ. "ಕಾಲಾಗ ಕಾಲು ಇಟ್ಟು ಕುಂಡ್ರತೈತಿ. ರೊಟ್ಟಿ ಬಡಿಯಾಕ ಬಿಡವಲ್ದು."

"ರೊಟ್ಟಿ ವಾಸನಿಗೆ ಬರ್ತಾಳ ಬಿಡವ್ವಾ."

"ರೊಟ್ಟಿ ಹಾಕಿದ್ರ ಮೂಸಿ ಸೈತ ನೋಡಂಗಿಲ್ಲ. ನನ್ನ ಬಾಯಿ ನೋಡ್ಕೋತ ಕುಂಡ್ರತೈತಿ. ನನ್ನ ಗಂಡ ಸೈತ ಒಂದು ದಿನ ಹಿಂಗ ನೋಡ್ಲಿಲ್ಲ."

ಸೋಮಲಿಂಗ ನಕ್ಕ. ಆದರೆ ಖಾಲಿ ತೊಡೆಯ ಮೇಲೆ ಕೈಯಿಟ್ಟು ಕೂತರೆ ಅವನ ಮೌನ ಮೊದಲಿನಂತೆ ಕೂಡುತ್ತಿರಲಿಲ್ಲ. ಒಳಗೆ ಪೇಟೆಯ ಬಾಗಿಲು ಮತ್ತೆ ತೆರೆಯತೊಡಗಿತ್ತು.

ಅಜ್ಜಾರ ಹತ್ತಿರ ಹೋದ.

"ಅಜ್ಜಾರ, ಕೆಂಚಿ ನನ್ನ ಹತ್ರ ಕೂಡವಲ್ಲಳು."

"ಬ್ಯಾರೆ ಗುರುನ್ನ ಹುಡಿಕ್ಯಾಳ."

"ಯಾರ್ರಿ?"

"ತಂಗೆವ್ವ."

"ಚ್ಯಾಷ್ಟಿ ಮಾಡಬ್ಯಾಡ್ರಿ ಅಜ್ಜಾರ. ಅದು ಬಾಳ ನೋವಲ್ರಿ. ನಾನ ಕೈಗೆ ಕಟ್ಟಿಕೊಂಡು ಒತ್ತಿ ನೋಡೀನಿ. ಕೆಂಪಿರಿವಿ ಕಡದಂಗ, ಅಷ್ಟ."

"ಕಟ್ಟಿಕೊಂಡವ ಯಾರು?"

"ನಾನ್ರಿ."

"ಒತ್ತಿದವ?"

"ನಾನ."

"ಹಂಗಾದ್ರ ನೋವು ಎಲ್ಲಿಂದ ಬಂತಂತ ನಿನಗ ಗೊತ್ತಿತ್ತು."

"ಗೊತ್ತಿತ್ರಿ."

"ಅಕಿಗೆ?"

ಸೋಮಲಿಂಗ ಅಡಿಗೆಮನೆಯ ಕಡೆ ನೋಡಿದ.

"ಯಾರು ಕಡದ್ರಂತ ಅಕೀನೂ ಹುಡುಕಿರತಾಳ," ಎಂದರು ಅಜ್ಜಾರು. "ಯಾರ್ನ ಹಿಡದಾಳ, ನೋಡು."

"ಕುರೀನ ಹಿಡದಾಳ್ರಿ. ಅದಕ್ಕ ಕುರಿ ಕಡೆ ಹೋಗಂಗಿಲ್ಲ."

"ಇರಬಹುದು."

ಸಂಜೆ ಅಜ್ಜಾರು ಅವನನ್ನು ಬೇವಿನ ಕೆಳಗೆ ಕರೆದು ಕೂರಿಸಿಕೊಂಡರು. ಕೆಂಚಿಯೂ ಬಂತು. ಅಜ್ಜಾರು ತಮ್ಮ ಸಣ್ಣಂದಿನ ಮಾತು ತೆಗೆದರು. ಎಮ್ಮೆ ಮೇಯಿಸಲು ಹೋದದ್ದು, ಎಮ್ಮೆಯ ಬೆನ್ನ ಮೇಲೆ ನಿದ್ದೆ ಹೋದದ್ದು, ಎಚ್ಚರವಾದಾಗ ಎಮ್ಮೆ ನೀರಿನ ನಡುವೆ ಇದ್ದದ್ದು. ಹೇಳುತ್ತ ಹೇಳುತ್ತ ಅವರ ದನಿ ಮೆಲ್ಲಗಾಯಿತು. ಕೆಂಚಿ ಇಬ್ಬರ ನಡುವೆ ಮೈಚೆಲ್ಲಿ ಕಣ್ಣು ಮುಚ್ಚಿತು.

"ಆಗ ನಮ್ಮವ್ವ ದಂಡಿಮ್ಯಾಲೆ ನಿಂತು" ಎಂದವರು ಅಷ್ಟಕ್ಕೇ ನಿಲ್ಲಿಸಿಬಿಟ್ಟರು.

ಕೆಂಚಿಯ ಕಣ್ಣು ತೆರೆದವು. ಕೊರಳ ಹತ್ತಿರ ಚರ್ಮ ಅದುರಿತು. ಬಾಲ ಹೊಟ್ಟೆಯ ಕೆಳಗೆ ಸೇರಿಸಿಕೊಂಡು ಅದು ಎದ್ದು ಅಡಿಗೆಮನೆಯ ಕಡೆ ಹೋಯಿತು.

"ನಿಂತು ಏನಂದ್ಲ್ರಿ ನಿಮ್ಮವ್ವ?" ಎಂದ ಸೋಮಲಿಂಗ.

ಅಜ್ಜಾರು ಕೆಂಚಿ ಹೋದ ದಿಕ್ಕನ್ನು ನೋಡಿ, ಅವನ ಮುಖ ನೋಡಿದರು.

"ಎಮ್ಮಿ ಕರದ್ಲು," ಎಂದು ಎದ್ದು ಹೋದರು.

ಶ್ರಾವಣ ಬಂತು. ಮೇಲಿನ ಸೀಮೆಯಲ್ಲಿ ಮಳೆ ಹಿಡಿಯಿತು. ಇಲ್ಲಿ ಹನಿಯೂ ಇಲ್ಲ, ಆದರೆ ಹೊಳೆಯ ಬಣ್ಣ ಕೆಂಪಗಾಗುತ್ತ ಬಂತು. ಮೇಲೆಲ್ಲೋ ಡ್ಯಾಮಿನ ಬಾಗಿಲು ತೆರೆದಿದ್ದರು. ತುಂಬುವ ಹೊಳೆ ಮೊದಲು ಸದ್ದು ಮಾಡುವುದಿಲ್ಲ. ಮಲಗಿದವರು ಮಗ್ಗುಲು ಬದಲಿಸುವಂತೆ ಸುಮ್ಮನೆ ಏರುತ್ತದೆ.

ಅಂದು ಮಂಜು ಬಹಳ. ಎಲ್ಲರೂ ಕೂತು ಕಣ್ಣು ಮುಚ್ಚಿದರು. ಕೆಂಚಿ ಎದ್ದು ಅಡಿಗೆಮನೆಗೆ ಹೋಯಿತು. ಅಲ್ಲಿ ತಂಗೆವ್ವ ಇರಲಿಲ್ಲ, ಇನ್ನೂ ಊರಿಂದ ಬಂದಿರಲಿಲ್ಲ. ಒಲೆ ತಣ್ಣಗಿತ್ತು. ಕೆಂಚಿ ತಿರುಗಿ ಬಂತು. ದಂಡೆಯ ಉದ್ದಕ್ಕೂ ಸುಮ್ಮನೆ ಕೂತ ಮನುಷ್ಯರು. ಅದು ಅವರೆಲ್ಲರಿಂದ ದೂರ ಸರಿದು, ನೀರಿನಿಂದ ತಲೆಯೆತ್ತಿದ್ದ ಬಂಡೆಗಳ ಮೇಲೆ ಒಂದೊಂದಾಗಿ ಜಿಗಿದು, ಹೊಳೆಯ ನಡುವಿನ ಗಡ್ಡೆಗೆ ಹೋಗಿ ನಿಂತಿತು.

ಸೋಮಲಿಂಗ ಕಣ್ಣು ತೆರೆದಾಗ ಮಂಜು ಸ್ವಲ್ಪ ಹರಿದಿತ್ತು. ಬಂಡೆಗಳು ಮುಳುಗುತ್ತಿದ್ದವು. ಗಡ್ಡೆ ಒಂದು ಅಂಗಳದಷ್ಟು ಉಳಿದಿತ್ತು. ಅದರ ಮೇಲೆ ಕೆಂಚಿ.

ಅವನು ಎದ್ದ. ಬಿಸಿಲು ಇನ್ನೂ ಬೇವನ್ನು ಮುಟ್ಟಿರಲಿಲ್ಲ. ಕೈ ಬೀಸಿ ಕರೆದ. ತೊಡೆ ತಟ್ಟಿದ. ಕೂತು ಎರಡೂ ಕೈ ಚಾಚಿದ. ಬಾಯಿಂದ ಒಂದು ಸದ್ದೂ ಹೊರಡಲಿಲ್ಲ.

ಕೆಂಚಿ ಅವನನ್ನು ನೋಡಿತು. ನೋಡಿ ಹಿಂದೆ ಸರಿಯಿತು.

ಅವನು ನೀರಿಗೆ ಇಳಿದ. ಅದು ಇನ್ನೂ ಹಿಂದೆ ಸರಿಯಿತು. ಆಚೆಗೆ ಸುಳಿ ಇತ್ತು.

ಅಷ್ಟರಲ್ಲಿ ಅಜ್ಜಾರು ಎದ್ದು ಹೋಗಿ ಬಾವಿಯ ಹಗ್ಗ ಬಿಚ್ಚಿ ತಂದರು. ಮಾತಿಲ್ಲದೆ ಅವನ ಸೊಂಟಕ್ಕೆ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. ಅವರ ಹಿಂದೆ ಉಳಿದವರೂ ಬಂದು ಹಗ್ಗ ಹಿಡಿದರು.

ಸೋಮಲಿಂಗ ಎದೆಮಟ್ಟದ ನೀರಿನಲ್ಲಿ ಹೋಗಿ ನಡುವಿನ ದೊಡ್ಡ ಬಂಡೆ ಹಿಡಿದ. ಅದರಾಚೆ ಅವನಿಂದಾಗಲಿಲ್ಲ. ಕೆಂಚಿ ಗಡ್ಡೆಯ ಆಚೆ ತುದಿಯಲ್ಲಿ ನಿಂತಿತ್ತು. ಅದರ ಹಿಂಗಾಲು ಆಗಲೇ ನೀರಿನಲ್ಲಿದ್ದವು. ಇನ್ನೊಂದು ಹೆಜ್ಜೆ ಹಿಂದೆ ಇಟ್ಟರೆ ಅದು ಉಳಿಯುವುದಿಲ್ಲ. ಅವನು ಮುಂದೆ ಹೋದರೆ ಅದು ಆ ಹೆಜ್ಜೆ ಇಡುತ್ತದೆ. ಅವನಿಗೆ ದಿಕ್ಕೇ ತೋಚಲಿಲ್ಲ.

ಆಗ ದಂಡೆಯ ಮೇಲೆ ತಂಗೆವ್ವ ಬಂದಳು.

"ಅಯ್ಯ ಶಿವನ, ಕೆಂಚೀ, ಅಲ್ಲೇನು ಮಾಡಾಕತ್ತಿ, ಇನ್ನೂ ಒಲಿ ಹಚ್ಚಿಲ್ಲ, ಹಿಟ್ಟು ನಾದಿಲ್ಲ, ಯಾರ ಕಾಲಾಗ ಕುಂಡ್ರಾಕಿ ನೀನು, ಬಾ ಈಚಿಗೆ..."

ಕೆಂಚಿಯ ಕಿವಿ ಎದ್ದವು. ಅದು ಮುಂದೆ ಬಂತು. ಇನ್ನೂ ಸ್ವಲ್ಪ ಮುಂದೆ ಬಂತು.

ತಂಗೆವ್ವ ಈಗ ನೀರಿನ ಏರು ನೋಡಿದಳು. ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜನ್ಮದಲ್ಲಿ ಮೊದಲ ಸಲ ಆಕೆಯ ಮಾತು ನಿಂತಿತು.

ಕೆಂಚಿಯೂ ನಿಂತಿತು. ಮೈ ನಡುಗಿತು. ಮತ್ತೆ ಹಿಂದೆ ಸರಿಯಿತು.

ಸೋಮಲಿಂಗ ಅದನ್ನು ನೋಡಿದ. ಯಾರನ್ನು ಹಿಡಿದಾಳೆ ನೋಡು ಎಂದು ಅಜ್ಜಾರು ಅಂದದ್ದು ಈಗ ತಿಳಿಯಿತು. ಕೆಂಚಿ ಹಿಡಿದದ್ದು ಕುರಿಯನ್ನಲ್ಲ. ಸುಮ್ಮನಿರುವ ಮನುಷ್ಯರನ್ನು ಹಿಡಿದಿತ್ತು. ದಿನಾ ನಸುಕಿನಲ್ಲಿ ಎಲ್ಲರೂ ಸುಮ್ಮನಾದಾಗಲೇ ಅದರ ಕೊರಳಿಗೆ ಏನೋ ಕಚ್ಚುತ್ತಿತ್ತು. ಮಾತು ನಡೆದಾಗ ಕಚ್ಚುತ್ತಿರಲಿಲ್ಲ. ಅವನು ಜೀವಮಾನವೆಲ್ಲ ಬೇಡಿದ ಮೌನಕ್ಕೆ ಅವನೇ ಹಲ್ಲು ಹಚ್ಚಿದ್ದ.

ಅವನು ಬಾಯಿ ತೆರೆದ.

"ಕೆಂಚಿ," ಎಂದ. "ಕೆಂಚವ್ವಾ. ನಾ ಮಾತಾಡಾಕತ್ತೀನಿ ನೋಡು. ಸುಮ್ಮನಿಲ್ಲ ನಾನು. ಏನು ಮಾತಾಡ್ಲಿ, ನನಗ ತಂಗೆವ್ವನಂ‌ಗ ಬರಂಗಿಲ್ಲ. ನೀರು ಬಾಳ ತಣ್ಣಗೈತಿ. ಈ ಬಂಡಿ ಜಾರತೈತಿ. ನೀ ಸಣ್ಣಾಕಿದ್ದಾಗ ನನ್ನ ಧೋತ್ರಾ ಹರಿದಿದ್ದಿ, ನೆನಪೈತೇನು? ನಾ ಬೈಲಿಲ್ಲ. ಬೈಬೇಕಾಗಿತ್ತು. ಬೈದಿದ್ರ ನಿನಗ ಗೊತ್ತಾಗತಿತ್ತು ಯಾರು ಬೈದ್ರಂತ."

ಕೆಂಚಿ ತಲೆ ಓರೆ ಮಾಡಿತು.

"ನಾನ ಒತ್ತಿದೆ, ಕೆಂಚಿ. ಕುರಿ ಅಲ್ಲ, ಮಂಜು ಅಲ್ಲ. ಶಾಲಿನಾಗ ಕೈ ಇಟ್ಕೊಂಡು ನಾನ ಒತ್ತಿದೆ. ನಿನ್ನ ತಲಿ ನನ್ನ ತೊಡಿಮ್ಯಾಲೆ ಇತ್ತು. ಆಗೂ ಒತ್ತಿದೆ. ಮಾಳಿಂಗ ನಿನ್ನ ಕಡೀತಾನಂತ ಹೆದರಿ ಒತ್ತಿದೆ. ಆಮ್ಯಾಲೆ ಹೆದರಿಕಿ ಹೋಗಿ ರೂಢಿ ಆತು. ಅದನ್ನ ನಾ ಯಾರ ಮುಂದೂ ಅಂದಿಲ್ಲ. ಬಾರವ್ವಾ. ಬಂದು ನನ್ನ ಕಡಿ ಬೇಕಾದ್ರ. ಬಾ."

ಅವನ ದನಿ ಹೊಳೆಯ ಮೇಲೆ ಹರಿಯಿತು. ಮಂಜಿನೊಳಗೆ ಅದು ಯಾರದೋ ಕನಸಿನಲ್ಲಿ ಕೇಳುವ ಮಾತಿನ ಹಾಗಿತ್ತು. ಅರ್ಥ ಕೆಂಚಿಗೆ ಆಯಿತೋ ಬಿಟ್ಟಿತೋ, ಮಾತು ನಿಲ್ಲಲಿಲ್ಲ, ಅದು ಮುಂದೆ ಬರುವುದೂ ನಿಲ್ಲಲಿಲ್ಲ. ಈಚೆಯ ಅಂಚಿಗೆ ಬಂದು ಒಂದು ಕ್ಷಣ ನೀರನ್ನು ನೋಡಿ ಜಿಗಿಯಿತು.

ಸೆಳವು ಅದನ್ನು ಎಳೆಯಿತು. ಸೋಮಲಿಂಗ ಬಂಡೆಯ ಕೈಬಿಟ್ಟ. ಮಾತಾಡುತ್ತಲೇ ಮುಳುಗಿದ, ನೀರು ಕುಡಿದ, ಎದ್ದು ಮತ್ತೆ ಕೆಂಚೀ ಎಂದ. ಅದರ ಕೊರಳು ಕೈಗೆ ಸಿಕ್ಕಿತು. ಹಗ್ಗ ಬಿಗಿಯಾಯಿತು. ದಂಡೆಯಲ್ಲಿದ್ದವರೆಲ್ಲ ಜಗ್ಗಿದರು.

ದಂಡೆಗೆ ಬಂದು ಬಿದ್ದ ಮೇಲೂ ಅವನ ಬಾಯಿ ನಿಲ್ಲಲಿಲ್ಲ. ಮಾತಾಡುತ್ತ ಮಾತಾಡುತ್ತ ಕೆಂಚಿಯ ಪಟ್ಟಿ ಬಿಚ್ಚಿದ. ಪಟ್ಟಿಯ ಕೆಳಗೆ, ರೋಮದೊಳಗೆ ಎರಡು ಸಣ್ಣ ಹುಣ್ಣುಗಳಿದ್ದವು. ಒಂದರ ಪಕ್ಕ ಒಂದು. ಇಷ್ಟು ದಿನ ಆ ರೋಮ ಸರಿಸಿ ನೋಡಿರಲಿಲ್ಲ ಅವನು.

ಸೋಮಲಿಂಗ ಅತ್ತ. ಎಲ್ಲರ ಮುಂದೆ, ಸವಾಲು ಕೂಗುವವನ ದೊಡ್ಡ ದನಿಯಲ್ಲಿ ಅತ್ತ. ಬಿಸಿಲು ಇನ್ನೂ ಬೇವನ್ನು ಮುಟ್ಟಿರಲಿಲ್ಲ.

ಅತ್ತು ಮುಗಿದ ಮೇಲೆ ಪಟ್ಟಿಯನ್ನು ಎತ್ತಿಕೊಂಡ.

"ಅಜ್ಜಾರ, ಇದನ್ನ ಹೊಳಿಗೆ ಒಗೀಲೇನ್ರಿ?"

"ಹೊಳಿ ಏನು ಮಾಡೇತಿ ನಿನಗ?" ಎಂದರು ಅಜ್ಜಾರು.

ಅವರು ಅವನ ಸೊಂಟದ ಹಗ್ಗ ಬಿಚ್ಚಿದರು. ಅದೇ ಹಗ್ಗವನ್ನು ತಂದು, ಹುಣ್ಣಿಗೆ ತಾಗದ ಹಾಗೆ ಎದೆಯ ಸುತ್ತ ಬಳಸಿ, ಕೆಂಚಿಗೆ ಕಟ್ಟತೊಡಗಿದರು.

ಸೋಮಲಿಂಗ ಬೆಚ್ಚಿದ. "ಅಜ್ಜಾರ, ಪ್ರಾಣಿ ಕಟ್ಟಬಾರದಂತ ನಿಮ್ಮದ ಕಟ್ಟಳಿ ಐತಿ."

"ಐತಿ. ಮುರಿಯಾಕತ್ತೀನಿ. ಎಲ್ಲಾರಿಗೂ ಕಾಣೂವಂಗ ಮುರಿಯಾಕತ್ತೀನಿ."

ಗಂಟು ಹಾಕಿ ಇನ್ನೊಂದು ತುದಿಯನ್ನು ಅವನ ಕೈಗಿಟ್ಟರು.

"ಕುರಿ ಬಂದಾಗ ಹಿಡಕೋ. ಅಕಿ ಜಗ್ಗಿದ್ರ ನಿನ್ನ ರಟ್ಟಿಗೆ ಗೊತ್ತಾಗತೈತಿ. ನೀ ಜಗ್ಗಿದ್ರ ಅಕಿ ತಿರುಗಿ ನಿನ್ನ ಮಾರಿ ನೋಡ್ತಾಳ. ಯಾರು ಜಗ್ಗಿದ್ರಂತ ಇಬ್ಬರಿಗೂ ತಿಳೀಲಿ."

ಆಮೇಲಿನ ದಿನಗಳಲ್ಲಿ ಕೆಂಚಿ ಜಗ್ಗಿತು. ಸೋಮಲಿಂಗನ ರಟ್ಟೆ ನೋಯಿತು, ಅಂಗೈ ಸುಲಿಯಿತು. ಮಾಳಿಂಗ ದೂರ ನಿಂತು ನೋಡಿ ನಗುತ್ತಿದ್ದ. ಕೊನೆಗೆ ಅವನಿಗೇ ಪಾಪ ಎನಿಸಿ, "ಮಧ್ಯಾಹ್ನ ಹಿಂಡಿನ ಹತ್ರ ಕರಕೊಂಡು ಬಾ ಸೋಮಣ್ಣ, ದೂರ ಕುಂತು ಕುರಿ ವಾಸನಿ ಕುಡೀಲಿ, ಹೊಟ್ಟಿ ತುಂಬಿದ ಮ್ಯಾಲೆ ಯಾರು ಓಡ್ತಾರ," ಎಂದ. ಹಾಗೇ ಮಾಡಿದರು. ಕೆಂಚಿ ಕಲಿಯಿತು ಅನ್ನುವುದಕ್ಕಿಂತ ಕಲಿಯುತ್ತಿತ್ತು ಅನ್ನಬಹುದು. ಕುರಿಯ ಗಂಟೆ ಕೇಳಿದರೆ ಅದರ ಕಿವಿ ಈಗಲೂ ನಿಮಿರುತ್ತಿತ್ತು. ಆದರೆ ಕೊಡಲಿಯ ಮಾತು ಯಾರೂ ಎತ್ತಲಿಲ್ಲ.

ಹುಣ್ಣು ಮಾಯ್ದವು. ಅವುಗಳ ಮೇಲೆ ಹೊಸ ರೋಮ ಬಂತು.

ಒಂದು ಮಾತ್ರ ಮಾಯಲಿಲ್ಲ. ನಸುಕಿನಲ್ಲಿ ಕೆಂಚಿ ಮತ್ತೆ ಬಂದು ಸೋಮಲಿಂಗನ ತೊಡೆಯ ಮೇಲೆ ತಲೆ ಇಡುತ್ತಿತ್ತು. ಅವನು ಸುಮ್ಮನಾದ ಕೂಡಲೇ ಆ ತಲೆ ನಡುಗತೊಡಗುತ್ತಿತ್ತು. ಎದ್ದು ಹೋಗುತ್ತಿರಲಿಲ್ಲ ಈಗ. ಕಣ್ಣು ಗಟ್ಟಿಯಾಗಿ ಮುಚ್ಚಿ, ಕಚ್ಚುವುದನ್ನು ಕಾಯುತ್ತ ನಡುಗುತ್ತಿತ್ತು. ಅದು ಎದ್ದು ಹೋಗುವುದಕ್ಕಿಂತ ಹೆಚ್ಚು ಅವನ ಕರುಳು ಕಿತ್ತಿತು.

ಒಂದು ಮಧ್ಯಾಹ್ನ ಅಜ್ಜಾರ ಮುಂದೆ ಬಂದು ಕೂತ. ಕೆಂಚಿಯೂ ಬಂದು ಪಕ್ಕಕ್ಕೆ ಮಲಗಿತು.

"ಅಜ್ಜಾರ, ನಾ ಸುಮ್ಮನಾದ್ರ ಅಕಿ ನಡಗತಾಳ."

"ಹಂಗಾದ್ರ ಮಾತಾಡು."

"ನಸಿಕಿನ್ಯಾಗ್ರಿ? ಎಲ್ಲಾರೂ ಸುಮ್ಮನ ಕುಂತಾಗ?"

"ಮೆಲ್ಲಕ ಮಾತಾಡು."

"ಏನು ಮಾತಾಡ್ಲ್ರಿ ದಿನಾ?"

"ತಂಗೆವ್ವನ ಕೇಳು. ಅಕಿ ಹತ್ರ ಬಾಳ ಅದಾವು."

ಸೋಮಲಿಂಗ ತಲೆ ತಗ್ಗಿಸಿದ. ಹೊಳೆ ಇಳಿದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ನೀರು ಅಲ್ಲಲ್ಲಿ ಮಿನುಗುತ್ತಿತ್ತು.

"ಎಲ್ಲಾರೂ ಮೌನದಾಗ ಮುಂದ ಮುಂದ ಹೋಗತಾರ್ರಿ. ನಾ ಒಬ್ಬವ ನಾಯಿ ಮುಂದ ರೊಟ್ಟಿ ಹಿಟ್ಟಿನ ಮಾತಾಡ್ಕೋತ ಕುಂಡ್ರಬೇಕು. ಬೇಕಾದಷ್ಟು ದಿನ ಕುಂಡ್ರತೀನ್ರಿ, ಅದಕ್ಕ ಬ್ಯಾಸರಿಲ್ಲ. ಆದರ ನಾ ಈ ದಂಡಿಗೆ ಬಂದದ್ದ ಮೌನಕ್ಕ. ಮನಿ ಬಿಟ್ಟದ್ದ ಅದಕ್ಕ. ನನ್ನ ಮೌನ ಯಾವಾಗ್ರಿ ಅಜ್ಜಾರ?"

ಅಜ್ಜಾರು ಕೈ ಚಾಚಿ ಕೆಂಚಿಯ ಕೊರಳ ಹೊಸ ರೋಮವನ್ನು ಮೆಲ್ಲಗೆ ಸವರಿದರು.

"ಅಕಿಗೆ ನಿದ್ದಿ ಹತ್ತಿದ ಮ್ಯಾಲೆ."